ಗಿರಣಿ ನಿಂತ ಮೇಲಿನ ದನಿ

ನಮ್ಮ ಮನೆಯಲ್ಲಿ ಮಿಕ್ಸಿ ನಿಂತ ಮೇಲೂ ನನ್ನ ಹೆಂಡತಿಯ ದನಿ ಇಳಿಯುವುದಕ್ಕೆ ಇನ್ನಷ್ಟು ಹೊತ್ತು ಬೇಕು. ಬೆಳಿಗ್ಗೆಯಿಂದ ಸುಮ್ಮನಿದ್ದವಳಿಗೆ ಚಟ್ನಿ ಅರೆಯುವಾಗಲೇ ಲೋಕದ ಮಾತೆಲ್ಲ ನೆನಪಾಗುತ್ತದೆ. ಆ ಗದ್ದಲದಲ್ಲಿ ಅವಳ ಮಾತು ಅವಳಿಗೇ ಕೇಳಿಸುವುದಿಲ್ಲ. ಕೇಳಿಸದ ಕಾರಣ ದನಿ ಏರುತ್ತದೆ. ಏರಿದ್ದು ಅವಳಿಗೆ ಗೊತ್ತೇ ಆಗುವುದಿಲ್ಲ, ಬೀದಿಗೆಲ್ಲ ಗೊತ್ತಾಗುತ್ತದೆ. ಮೊನ್ನೆಯೂ ಹೀಗೇ ಆಯಿತು. "ಪಕ್ಕದ ಮನೆಯೋರು ಮತ್ತೆ ಕರಿಬೇವು ಕೇಳ್ಕೊಂಡು ಬಂದ್ರೆ" ಎನ್ನುವವರೆಗೆ ಮಿಕ್ಸಿ ಓಡುತ್ತಿತ್ತು. "ಗಿಡ ಒಣಗಿ ಹೋಯ್ತು ಅಂತ ಹೇಳಿ ಕಳಿಸ್ಬಿಡ್ರೀ!" ಎನ್ನುವ ಹೊತ್ತಿಗೆ ನಿಂತುಹೋಗಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು. ಪಾಪ, ಅವರು ಕರಿಬೇವಿಗೆ ಬಂದವರೇ ಅಲ್ಲ, ಮಗನ ಮದುವೆಗೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು.

ನಾನು ನಕ್ಕೆ. ನಕ್ಕ ತಪ್ಪಿಗೆ ಎರಡು ದಿನ ನನಗೆ ಚಟ್ನಿಯಿಲ್ಲದ ಇಡ್ಲಿ ಸಿಕ್ಕಿತು. ಆದರೆ ಅವಳನ್ನು ಆಡಿಕೊಳ್ಳುವ ಯೋಗ್ಯತೆ ನನಗೆ ಎಲ್ಲಿಂದ ಬರಬೇಕು ಹೇಳಿ? ನಾನು ಹಿಟ್ಟಿನ ಗಿರಣಿಯ ಮನೆಯವನು. ಗದ್ದಲದಲ್ಲಿ ಮನುಷ್ಯನ ದನಿಗೆ ಏನೇನಾಗುತ್ತದೆ ಎನ್ನುವುದನ್ನು ನನ್ನಷ್ಟು ಕಂಡವರು ಅಜ್ಜಂಪುರದಲ್ಲೇ ಕಡಿಮೆ.

ಗಿರಣಿ ನಮ್ಮ ದೊಡ್ಡಪ್ಪನದು. ಅವರು ತೀರಿಹೋದ ಮೇಲೆ ಅವರ ಮಗ ಸಿದ್ದಲಿಂಗಪ್ಪ, ಅಂದರೆ ನನ್ನ ಸಿದ್ದಣ್ಣ, ನಡೆಸುತ್ತಿದ್ದ. ನನಗಿಂತ ಆರು ವರ್ಷಕ್ಕೆ ದೊಡ್ಡವನು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನನಗೆ ತರೀಕೆರೆಯ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ವಾಸ ಗಿರಣಿಯಲ್ಲೇ. ಮೋಟರು, ಅಗಲದ ಬೆಲ್ಟು, ಬೀಸುವ ಕಲ್ಲು, ರಾಗಿ ಸುರಿಯುವ ತಗಡಿನ ಬಾಯಿ, ಕೆಳಗೆ ಹಿಟ್ಟು ಇಳಿಯುವ ಬಟ್ಟೆಯ ಚೀಲ, ಇಷ್ಟೇ ಆ ಸಂಸಾರ. ಮೋಟರು ಶುರುವಾದರೆ ಗೋಡೆಯ ಕ್ಯಾಲೆಂಡರು ಕೂಡ ನಡುಗುತ್ತಿತ್ತು.

ಅದರ ಸಹವಾಸದಲ್ಲಿ ನಮ್ಮ ಮನೆಯವರಿಗೆಲ್ಲ ದೊಡ್ಡ ದನಿ. ಗಿರಣಿಯ ಹಿಂದೆಯೇ ಮನೆ. ನಮ್ಮ ದೊಡ್ಡಮ್ಮ ಗುಟ್ಟು ಹೇಳಬೇಕಾದರೆ ಬಾಗಿಲು ಹಾಕಿ, ಕಿಟಕಿ ಹಾಕಿ, ಹತ್ತಿರ ಕರೆದು, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳುವರು. ಅದು ಎದುರು ಮನೆಯ ಜಗಲಿಗೆ ಸ್ಪಷ್ಟವಾಗಿ ಕೇಳುವುದು. ಎದುರು ಮನೆಯವರು ಒಳ್ಳೆಯವರು, ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಒಮ್ಮೊಮ್ಮೆ ಮಾತ್ರ ತಡೆಯಲಾರದೆ ಅಲ್ಲಿಂದಲೇ ಸಲಹೆ ಕೊಡುತ್ತಿದ್ದರು.

ಇಂಥ ಮನೆಯಲ್ಲಿ ಮೆತ್ತಗೆ ಮಾತಾಡುತ್ತಿದ್ದವನು ಸಿದ್ದಣ್ಣ ಒಬ್ಬನೇ. ಮೆತ್ತಗೆ ಏಕೆಂದರೆ ಅವನಿಗೆ ಉಗ್ಗು. ಸಣ್ಣಪುಟ್ಟ ಉಗ್ಗಲ್ಲ. ಮಾತಿನ ಮೊದಲಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಒಂದು ಕಾಲು ನೆಲಕ್ಕೆ ಬಡಿದು, ಕೊನೆಗೆ ಅಕ್ಷರವೊಂದು ಹೊರಗೆ ಬೀಳುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರು ಪಕ್ಕದವರ ಹತ್ತಿರ ಮಾತು ಶುರು ಮಾಡಿರುತ್ತಿದ್ದರು. ಅವನಿಗೆ ಎಲ್ಲಕ್ಕಿಂತ ಕಷ್ಟದ ಮಾತು ಅವನದೇ ಹೆಸರು. ಎರಡನೆಯದು ನನ್ನದು. ಬಸವರಾಜ ಎಂಬ ಹೆಸರಿನ 'ಬ' ದಾಟುವುದು ಅವನಿಂದ ಆಗುತ್ತಿರಲಿಲ್ಲ. ಅದಕ್ಕೇ ಹುಟ್ಟಿದಾಗಿನಿಂದ ನಾನು ಅವನಿಗೆ 'ಲೇ'. ಉಳಿದವರು ಲೇ ಅಂದರೆ ನನಗೆ ಸಿಟ್ಟು ಬರುತ್ತಿತ್ತು. ಅವನು ಅಂದರೆ ಬರುತ್ತಿರಲಿಲ್ಲ.

ಅವನ ಬುದ್ಧಿ ನೋಡಬೇಕಿತ್ತು ನೀವು. ನನ್ನನ್ನು ನೋಡಲು ತರೀಕೆರೆಗೆ ಬರುವಾಗ ಅವನು ಲಕ್ಕವಳ್ಳಿಗೆ ಟಿಕೆಟ್ ತೆಗೆದುಕೊಳ್ಳುತ್ತಿದ್ದ. 'ತ' ಸಿಕ್ಕಿಕೊಳ್ಳುತ್ತದೆ, 'ಲ' ಜಾರಿ ಬರುತ್ತದೆ, ಅಷ್ಟೇ ಕಾರಣ. ಕಂಡಕ್ಟರು, "ಲಕ್ಕವಳ್ಳಿ ಇನ್ನೂ ದೂರ ಇದೆ ಕಣ್ರೀ, ಯಾಕ್ ಇಳೀತೀರಾ?" ಎಂದು ಕೂಗಿದರೆ ಕೈ ಅಲ್ಲಾಡಿಸಿ ಇಳಿದುಬಿಡುತ್ತಿದ್ದ. ಹೋಟೆಲಿನಲ್ಲಿ ದೋಸೆ ತಿನ್ನುವ ಆಸೆಯಿದ್ದರೂ ಇಡ್ಲಿ ತಿಂದು ಬರುತ್ತಿದ್ದ. ಇದೆಲ್ಲ ಎಷ್ಟು ವರ್ಷದಿಂದ ನಡೆದಿತ್ತೋ! ನಾನು ಕೇಳಿದ ಮೇಲೆ ಒಂದು ದಿನ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಈಗ ಆಶ್ಚರ್ಯದ ಮಾತಿಗೆ ಬರುತ್ತೇನೆ. ಇಂಥ ಸಿದ್ದಣ್ಣ, ಗಿರಣಿಯ ಮೋಟರು ಓಡುತ್ತಿರುವಾಗ ಒಂದೇ ಒಂದಕ್ಷರ ತಡವರಿಸುತ್ತಿರಲಿಲ್ಲ!

ಹೌದು ಕಣ್ರೀ, ನನ್ನ ಕಿವಿಯಾರೆ ಕೇಳಿದ್ದೇನೆ. ಹುಬ್ಬು ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು, ರಾಗಿ ಸುರಿಯುತ್ತಾ, ಹೆಂಗಸರಿಗೆ ಊರ ಸುದ್ದಿಯೆಲ್ಲ ಹೇಳುವನು. "ಏನಕ್ಕಾ, ಇದು ರಾಗಿನೋ ಕಲ್ಲೋ? ಆರಿಸಿ ತಂದಿದ್ರೆ ನಿಮ್ ಮನೆಯೋರ ಹಲ್ಲು ಇನ್ನೆರಡು ವರ್ಷ ಬಾಳಿಕೆ ಬರೋದು!" ಎಂದು ಒಂದೇ ಉಸಿರಿಗೆ ಕೂಗುವನು. ಅವರು ಹೊಟ್ಟೆ ಹಿಡಿದು ನಗುವರು. ಹಿಟ್ಟು ಬೀಸಿಸುವ ಕೆಲಸವಿಲ್ಲದವರೂ ಅವನ ಮಾತು ಕೇಳಲು ಬಂದು ಮೂಟೆಯ ಮೇಲೆ ಕೂರುತ್ತಿದ್ದರು. ಕಡೆಯ ಸೇರು ಬೀಸಿ ಮೋಟರು ನಿಲ್ಲಿಸಿದನೋ, ಮುಗಿಯಿತು. ಅರ್ಧ ಹೇಳಿದ ಕಥೆ ಅಲ್ಲೇ ನಿಲ್ಲುತ್ತಿತ್ತು. ಉಳಿದರ್ಧ ನಾಳೆಯ ರಾಗಿಗೆ ಕಾಯಬೇಕು.

ಇದಕ್ಕೆ ಊರಲ್ಲಿ ಬೇರೆ ಬೇರೆ ವಿವರಣೆಗಳಿದ್ದವು. ಮೋಟರಿನಲ್ಲಿ ಯಾವುದೋ ಶಕ್ತಿ ಇದೆ ಎಂದು ದೊಡ್ಡಮ್ಮ ಪ್ರತಿ ಸೋಮವಾರ ಅದಕ್ಕೆ ವಿಭೂತಿ ಹಚ್ಚುತ್ತಿದ್ದರು. ರಾಗಿ ಹಿಟ್ಟಿನ ಗಾಳಿ ಗಂಟಲಿಗೆ ಒಳ್ಳೆಯದು ಎಂದು ಇನ್ಯಾರೋ ಹೇಳಿದರು. ನನಗಂತೂ ತಿಳಿದಿರಲಿಲ್ಲ. ತಿಳಿದದ್ದು ಒಂದು ಟೇಪ್ ರೆಕಾರ್ಡರಿನಿಂದ. ಅದೂ ನನ್ನ ಮಾನ ಹೋದ ಮೇಲೆ.

ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದ ನನ್ನ ಸ್ನೇಹಿತನೊಬ್ಬ ಟೇಪ್ ರೆಕಾರ್ಡರ್ ಕೊಂಡ. ಒಂದು ಭಾನುವಾರ ಅದನ್ನು ಹೆಗಲಿಗೆ ನೇತುಹಾಕಿಕೊಂಡು ಅಜ್ಜಂಪುರಕ್ಕೆ ಬಂದ. ನನಗೆ ಆ ಕಾಲದಲ್ಲಿ ನನ್ನ ಕಂಠದ ಮೇಲೆ ವಿಪರೀತ ಅಭಿಮಾನ. ಶಾಲೆಯ ಸಭೆಗಳಲ್ಲಿ ಭಾಷಣಕ್ಕೆ ನಾನೇ. ನನ್ನದು ಗುಡುಗಿನಂಥ ದನಿ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಸರಿ, ಆಗಸ್ಟ್ ಹದಿನೈದರ ಭಾಷಣವನ್ನು ಎದ್ದು ನಿಂತು, ಕೈ ಬೀಸಿ, ಆ ಪೆಟ್ಟಿಗೆಯ ಮುಂದೆ ಮಾಡಿದೆ. ಸ್ನೇಹಿತ ಟೇಪು ಹಿಂದಕ್ಕೆ ಸುತ್ತಿ ಹಾಕಿದ. ಯಾರೋ ಮೂಗು ಕಟ್ಟಿದವನು ಸಣ್ಣ ದನಿಯಲ್ಲಿ ಅರಚತೊಡಗಿದ.

"ಯಾರೋ ಇವ್ನು?" ಎಂದೆ.

"ಇನ್ಯಾರೋ? ನೀನೇ ಕಣೋ!" ಎಂದರು ದೊಡ್ಡಮ್ಮ. "ಎಷ್ಟ್ ಚೆನ್ನಾಗ್ ಹಿಡ್ದೈತೆ ನೋಡು, ಥೇಟ್ ನಿನ್ನ ದನಿನೇ!"

ಎಲ್ಲರೂ ಹೌದು ಹೌದು ಎಂದರು. ಇಡೀ ಲೋಕಕ್ಕೆ ನನ್ನ ದನಿ ಗೊತ್ತಿತ್ತು, ಗೊತ್ತಿಲ್ಲದವನು ನಾನೊಬ್ಬನೇ. ಸಿದ್ದಣ್ಣ ಅವತ್ತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

ಮಾರನೆಯ ದಿನ ಶಾಲೆಗೆ ಹೋದೆ. ಪಾಠ ಶುರು ಮಾಡಿದರೆ ನನ್ನ ಗಮನ ಪಾಠದ ಮೇಲಿಲ್ಲ, ದನಿಯ ಮೇಲೆ. ಈ ಮಾತು ಮೂಗಿನಲ್ಲಿ ಹೋಯಿತೇ, ಈ ಮಾತು ಕೀರಲಾಯಿತೇ ಎಂದು ಒಂದೊಂದಕ್ಕೂ ಕಿವಿ ಕೊಡುತ್ತಾ ಹೋದೆ. ದನಿ ತಗ್ಗಿಸಿದರೆ ಗೊಗ್ಗರಾಯಿತು, ಏರಿಸಿದರೆ ಒಡೆಯಿತು. ವಾಕ್ಯದ ನಡುವೆ ಮುಂದಿನ ಮಾತೇ ಮರೆತು ನಿಂತುಬಿಟ್ಟೆ. ಎರಡು ವರ್ಷದಿಂದ ನೀರು ಕುಡಿದಷ್ಟು ಸುಲಭವಾಗಿ ಮಾಡುತ್ತಿದ್ದ ಕೆಲಸ ಒಂದು ವಾರ ನನ್ನ ಕೈಲಾಗಲಿಲ್ಲ. ಶನಿವಾರ ಬಂದವನೇ ಗಿರಣಿಗೆ ಹೋಗಿ, ಮೋಟರಿನ ಗದ್ದಲದಲ್ಲಿ ಸಿದ್ದಣ್ಣನ ಕಿವಿಯ ಹತ್ತಿರ ಕಿರುಚಿ ಕಿರುಚಿ ಈ ಗೋಳೆಲ್ಲ ಹೇಳಿಕೊಂಡೆ.

ಅವನು ಈ ಸಲ ನಗಲಿಲ್ಲ. ತಗಡಿನ ಬಾಯಿಗೆ ರಾಗಿ ಸುರಿದು, ಮೊರ ಕೆಳಗಿಟ್ಟು, ನನ್ನ ಕಡೆ ತಿರುಗಿದ.

"ಲೇ, ನೀನು ನಿನ್ನ ದನಿ ಕೇಳಿ ಒಂದು ವಾರ ಆಯ್ತು. ನಾನು ಮೂವತ್ತೊಂದು ವರ್ಷದಿಂದ ಕೇಳ್ತಾ ಇದೀನಿ ಕಣೋ. ಬಾಯಿ ತೆಗೆಯೋಕೆ ಮುಂಚೇನೇ ನನ್ನ ಕಿವಿ ಎದ್ದು ಕೂತಿರುತ್ತೆ, ಇವನು ಎಲ್ಲಿ ಬೀಳ್ತಾನೆ ನೋಡೋಣ ಅಂತ. ಬಿದ್ದೇ ಬೀಳ್ತೀನಿ. ಇಲ್ಲಿ ಗಿರಣಿ ಓಡುವಾಗ ಮಾತ್ರ ಅದರ ಕಾಟ ಇಲ್ಲ. ನನ್ನ ದನಿ ನಂಗೇ ಕೇಳಿಸಲ್ಲ. ಅದಕ್ಕೇ ಮಾತಾಡ್ತೀನಿ."

ಇಷ್ಟನ್ನೂ ತಡೆಯಿಲ್ಲದೆ ಹೇಳಿದ. ನನಗೆ ನಾಚಿಕೆಯಾಯಿತು. ಒಂದು ವಾರಕ್ಕೇ ಅಳುತ್ತಾ ಬಂದವನು ನಾನು. ಈ ಮನುಷ್ಯ ಅದನ್ನೇ ಹೊತ್ತುಕೊಂಡು, ಇಷ್ಟು ವರ್ಷ ಯಾರ ಮೇಲೂ ಸಿಡುಕದೆ ಬದುಕಿದ್ದ. ಅವನ ಮೇಲೆ ನನಗೆ ಪ್ರೀತಿ ಮೊದಲಿನಿಂದಲೂ ಇತ್ತು, ಗೌರವ ಬಂದದ್ದು ಅವತ್ತು.

ಎಲ್ಲರ ಕಿವಿಯೂ ಹೀಗೆ ಹಗೆ ಸಾಧಿಸುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮೂರ ಮಠದ ಭಜನೆಯಲ್ಲಿ ಹಾಡುವ ಅಜ್ಜ ಒಬ್ಬರಿದ್ದರು. ತಾಳ, ದಮ್ಮಡಿ ಜೋರಾದಾಗಲೆಲ್ಲ ಎಡಗೈಯನ್ನು ಕಿವಿಗೆ ಮರೆ ಮಾಡಿಕೊಳ್ಳುವರು. "ಇದೇನಜ್ಜಾ, ಕಿವಿನೋವಾ?" ಎಂದು ಕೇಳಿದ್ದಕ್ಕೆ, "ನನ್ನ ದನಿ ನಂಗೇ ಕೇಳದಿದ್ರೆ ನಾನೆಲ್ಲಿ ಹೋಗ್ತಾ ಇದೀನಿ ಅಂತ ಹೆಂಗಪ್ಪಾ ಗೊತ್ತಾಗಬೇಕು?" ಎಂದರು. ಒಬ್ಬರಿಗೆ ದಾರಿ ತೋರುವ ಕಿವಿಯೇ ಇನ್ನೊಬ್ಬನಿಗೆ ಕಾಲು ಕೊಟ್ಟು ಕೆಡವುತ್ತಿತ್ತು. ನಾನು ಸಭೆಯಲ್ಲಿ ಮಾತಾಡುವಾಗ ಇವತ್ತಿಗೂ ಎಡಗೈ ಕಿವಿಯ ಹತ್ತಿರ ಹೋಗುತ್ತದೆ, ಅದು ಆ ಅಜ್ಜನಿಂದ ಅಂಟಿದ ಚಾಳಿ.

ಸಿದ್ದಣ್ಣನಿಗೆ ಮೂವತ್ತೊಂದಾದರೂ ಮದುವೆಯಾಗಿರಲಿಲ್ಲ ಎನ್ನುವುದು ಈಗ ನಿಮಗೆ ಹೊಳೆದಿರಬೇಕು. ಮೂರು ಕಡೆ ಹೆಣ್ಣು ನೋಡಿ ಬಂದಿದ್ದೆವು. ಮೂರು ಕಡೆಯೂ ಉಪ್ಪಿಟ್ಟು ಚೆನ್ನಾಗಿತ್ತು. ಮೂರು ಕಡೆಯೂ ಹುಡುಗಿಯ ಅಪ್ಪ "ಹೆಸರೇನಪ್ಪಾ?" ಎಂದು ಕೇಳುವುದು, ಇವನು ಕಣ್ಣು ಮುಚ್ಚಿ ಒದ್ದಾಡುವುದು, ನೋಡಲಾರದೆ ನಾನು "ಸಿದ್ದಲಿಂಗಪ್ಪ ಅಂತ" ಎಂದು ಬಾಯಿ ಹಾಕುವುದು. ನಾನೇನೋ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮೂರನೆಯ ಕಡೆಯವರಂತೂ ಎಂಟು ದಿನ ಬಿಟ್ಟು ಹೇಳಿ ಕಳಿಸಿದರು: "ಆ ಮಾತಾಡಿದ ಹುಡುಗನಾದ್ರೆ ನಮಗೆ ಒಪ್ಪಿಗೆ."

ದೊಡ್ಡಮ್ಮ ಈ ಸುದ್ದಿಯನ್ನು ಗುಟ್ಟಾಗಿ ನನಗೆ ಹೇಳಿದರು. ಎಂದರೆ ಗಿರಣಿಯಲ್ಲಿದ್ದ ಸಿದ್ದಣ್ಣನಿಗೂ ಕೇಳಿಸಿತು. ಆ ಸಂಜೆ ನನಗೆ ಊಟಕ್ಕೆ ಬಡಿಸಿದವನು ಅವನೇ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾಲ್ಕನೆಯ ಸಂಬಂಧ ಪಂಚನಹಳ್ಳಿಯದು. ಅಪ್ಪ ತೆಂಗಿನ ತೋಟದವರು. ಹುಡುಗಿಯ ಹೆಸರು ವಿಮಲ. ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಅಲ್ಲೇ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. "ಹುಡುಗನ್ನ, ಅವನ ಕೆಲಸಾನ ಕಣ್ಣಾರೆ ನೋಡ್ದೆ ನಾನು ಒಪ್ಪಲ್ಲ" ಎಂದಳಂತೆ. ಹಾಗಾಗಿ ನಾವು ಹೋಗುವುದರ ಬದಲು ಅವರೇ ಬರುವುದು ಎಂದಾಯಿತು. ದೊಡ್ಡಮ್ಮನ ತಲೆ ಕೂಡಲೇ ಓಡಿತು. "ಮನೆಗ್ ಬ್ಯಾಡ ಕಣೋ. ಸೀದಾ ಗಿರಣಿಗೇ ಕರ್ಕೊಂಡು ಬಾ. ಮೋಟರು ಓಡ್ತಿರ್ಲಿ, ಮಾತು ಅಲ್ಲೇ ಆಗಿ ಹೋಗ್ಲಿ. ತಾಳಿ ಕಟ್ಟಿದ್ ಮೇಲೆ ಯಾರೇನ್ ಮಾಡ್ತಾರೆ?"

ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಈ ಸಂಚಿನಲ್ಲಿ ಪೂರ್ತಿ ಪಾಲುದಾರ. ಆ ಭಾನುವಾರಕ್ಕೆಂದು ನಾಲ್ಕು ಮೂಟೆ ರಾಗಿ ಕೂಡಿಸಿಟ್ಟೆ. ಕರೆಂಟು ಹೋದರೆ ಗತಿಯೇನೆಂದು ಲೈನ್‌ಮನ್ ಮನೆಗೆ ಹೋಗಿ, ಮಧ್ಯಾಹ್ನದವರೆಗೆ ಯಾವ ಫ್ಯೂಜನ್ನೂ ಮುಟ್ಟಬೇಡ ಮಾರಾಯಾ ಎಂದು ಕೈ ಮುಗಿದು ಬಂದೆ. ಸಿದ್ದಣ್ಣನಿಗೆ ಹೇಳಿದಾಗ ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೊಸ ಬನಿಯನ್ನು ಹಾಕಿಕೊಂಡ.

ಬಂದರು. ಅಪ್ಪ, ಮಗಳು ಇಬ್ಬರೇ. ಅವಳು ಎಣ್ಣೆಗೆಂಪು ಬಣ್ಣದ ಹುಡುಗಿ, ಒಂದು ಜಡೆ, ಕೈಗೆ ವಾಚು. ಮೋಟರು ಭರ್ಜರಿಯಾಗಿ ಓಡುತ್ತಿತ್ತು. ಅಪ್ಪ ಕೂಗಿ ಕೇಳಿದ್ದಕ್ಕೆಲ್ಲ ಸಿದ್ದಣ್ಣ ಕೂಗಿ ಉತ್ತರ ಕೊಟ್ಟ. ಹೆಸರು, ಮನೆತನ, ಮಠ, ದಿನಕ್ಕೆಷ್ಟು ಬೀಸುತ್ತದೆ, ಕಲ್ಲಿಗೆ ಎಷ್ಟು ದಿನಕ್ಕೊಮ್ಮೆ ಉಳಿಯೇಟು ಹಾಕಿಸಬೇಕು, ಎಲ್ಲ ಪಟಪಟನೆ. ಅಪ್ಪನನ್ನು ಎರಡು ಸಲ ನಗಿಸಿದ. ಆ ಹುಡುಗಿ ಮಾತ್ರ ತಲೆ ಸ್ವಲ್ಪ ಓರೆ ಮಾಡಿ ಅವನ ಮಾತನ್ನೇ ಕೇಳುತ್ತಿದ್ದಳು. ಮೂಟೆಗಳ ಹಿಂದೆ ನಿಂತಿದ್ದ ದೊಡ್ಡಮ್ಮ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅರ್ಧ ಗಂಟೆಯಾಯಿತು. ಅಪ್ಪ ಎದ್ದು, ತೃಪ್ತಿಯಿಂದ ಪಂಚೆ ಕೊಡವಿಕೊಂಡು, "ನಂಗೆ ಒಪ್ಪಿಗೆ ಕಣಮ್ಮ, ಹುಡುಗ ಚೂಟಿ ಇದಾನೆ" ಎಂದು ಮಗಳಿಗೆ ಕೂಗಿ ಹೇಳಿದರು. ಅಬ್ಬಾ, ಗೆದ್ದೆವು ಎಂದುಕೊಂಡೆ ನಾನು.

ಆಗ ಸಿದ್ದಣ್ಣ ಗೋಡೆಯ ಹತ್ತಿರ ನಡೆದು ಹೋದ. ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದ.

ಗಿರಣಿ ಒಮ್ಮೆಗೇ ನಿಲ್ಲುವುದಿಲ್ಲ. ಬೆಲ್ಟು ನಿಧಾನವಾಗುತ್ತದೆ, ಕಲ್ಲು ಇನ್ನೂ ಒಂದಷ್ಟು ಸುತ್ತು ತಿರುಗುತ್ತದೆ, ಸದ್ದು ಇಳಿಯುತ್ತಾ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಎಲ್ಲ ನಿಂತು, ಬೀದಿಯ ಸೈಕಲ್ ಗಂಟೆ ಕೂಡ ಕೇಳಿಸಿತು. ಸಿದ್ದಣ್ಣ ಬಂದು ಆ ಹುಡುಗಿಯ ಎದುರಿಗೆ ನಿಂತ.

"ನ... ನನ್ನ ಹೆಸರು..." ಎಂದ. ನಿಂತ. "ಸಿ... ಸಿ..."

ಕತ್ತಿನ ನರ ಉಬ್ಬಿತು. ಅಪ್ಪ ಗಾಬರಿಯಾಗಿ ನನ್ನ ಕಡೆ ನೋಡಿದರು. ದೊಡ್ಡಮ್ಮ ಹಣೆ ಹಣೆ ಬಡಿದುಕೊಂಡರು. ನನ್ನ ಬಾಯಿ ತಾನಾಗಿಯೇ ತೆರೆಯಿತು, "ಸಿದ್ದ" ಎನ್ನುವಷ್ಟರಲ್ಲಿ ವಿಮಲ ನನ್ನ ಕಡೆ ಕೈ ಎತ್ತಿದಳು. ಕಣ್ಣು ಮಾತ್ರ ಅವನ ಮೇಲೇ ಇತ್ತು.

"ಲೈನ್ ಮಧ್ಯ ಬರಬೇಡಿ" ಎಂದಳು. "ಅವರು ಮಾತಾಡ್ತಿದಾರೆ."

ನಾನು ಬಾಯಿ ಮುಚ್ಚಿದೆ. ಹುಟ್ಟಿದಾಗಿನಿಂದ ಮೊದಲ ಸಲ ಅಣ್ಣನ ಮಾತನ್ನು ನಾನು ಮುಗಿಸದೆ ಬಿಟ್ಟದ್ದು. ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಮೂಟೆ ರಾಗಿ ಬೀಸುವಷ್ಟು ಹೊತ್ತು ಅನ್ನಿಸಿತು. ಸಿದ್ದಣ್ಣ ಅವತ್ತು ಕಣ್ಣು ಮುಚ್ಚಲಿಲ್ಲ, ನೆಲಕ್ಕೆ ಕಾಲು ಬಡಿಯಲಿಲ್ಲ. ಅವಳನ್ನೇ ನೋಡುತ್ತಾ ನಿಂತ.

"ಸಿದ್ದಲಿಂಗಪ್ಪ" ಎಂದ ಕೊನೆಗೆ. ಆಮೇಲೆ ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಟ್ಟ. "ಗಿರಣಿ ಓಡುವಾಗ ಹಂಗೆ. ನಿ... ನಿಂತ್ರೆ ಹಿಂಗೆ. ಮ... ಮನೇಲಿ ಹಿಂಗೇ ಇರ್ತೀನಿ."

ಅವಳು ಇನ್ನೂ ಬರುವುದಿದೆಯೇನೋ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೇಳಿದಳು.

"ಮಾತಾಡಿ ಆಯ್ತಾ?"

ಅವನು ತಲೆಯಾಡಿಸಿದ. ಅಪ್ಪ ಗಂಟಲು ಸರಿಮಾಡಿಕೊಂಡು, "ವಿಮಲಾ, ನಡಿಯಮ್ಮ, ಮನೆಗೆ ಹೋಗಿ ಯೋಚ್ನೆ ಮಾಡೋಣ" ಎಂದರು.

"ಯೋಚ್ನೆ ಮಾಡೋಕೇನಿದೆ ಅಪ್ಪಾಜಿ?" ಎಂದಳು ಅವಳು. "ದಿನಾ ನೋಡ್ತೀನಿ ನಾನು. ಜನ ಬೆಳಿಗ್ಗೆ ಪರಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಸಾಯಂಕಾಲದವರೆಗೂ ಕಾಯ್ತಾರೆ. ಲೈನ್ ಸಿಕ್ಕಿದ್ರೆ, ಚೆನ್ನಾಗಿದೀರಾ, ಊಟ ಆಯ್ತಾ, ಇಷ್ಟೇ ಕೇಳಿ ಇಟ್ಬಿಡ್ತಾರೆ. ಹೇಳಬೇಕಾದ್ದು ಹೇಳೋದೇ ಇಲ್ಲ. ಇವರು ಹೇಳಿದ್ರಲ್ಲ. ನೀವು ಒಪ್ಪಿದ ಮೇಲೂ ಹೇಳಿದ್ರಲ್ಲ."

ದೊಡ್ಡಮ್ಮ ಮೂಟೆಯ ಹಿಂದಿನಿಂದ ಹೊರಗೆ ಬಂದು ಆ ಹುಡುಗಿಯ ಕೆನ್ನೆ ಸವರಿದರು. ಕೈಯ ಹಿಟ್ಟೆಲ್ಲ ಅವಳ ಮುಖಕ್ಕೆ ಹತ್ತಿತು. ನಾನು ರಾಗಿ ಮೂಟೆಗಳ ಲೆಕ್ಕ ನೋಡುವವನ ಹಾಗೆ ಆ ಕಡೆ ತಿರುಗಿಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು, ಹಿಟ್ಟಿನ ಧೂಳು ಎಂದು ಹೇಳಿಕೊಳ್ಳುವ ಅನುಕೂಲವಾದರೂ ಗಿರಣಿಯಲ್ಲಿದೆ.

ಸಂಜೆ ಅವನನ್ನೇ ಕೇಳಿದೆ. ಎಲ್ಲ ಸರಿಹೋಗಿತ್ತಲ್ಲ, ಯಾಕೆ ಆ ಗುಂಡಿ ಒತ್ತಿದೆ ಎಂದು. ಮೋಟರು ನಿಂತಿತ್ತು. ಉಗ್ಗುತ್ತಲೇ ಉತ್ತರ ಕೊಟ್ಟ. ಅವನಿಗೆ ಹಿಡಿದಷ್ಟು ಹೊತ್ತು ನಿಮ್ಮನ್ನು ಕಾಯಿಸದೆ ಮಾತನ್ನಷ್ಟೇ ಹೇಳುತ್ತೇನೆ: "ಆ ಹುಡುಗಿ ಹಂಗೇ ಒಪ್ಪಿದ್ರೆ ಗಿರಣಿ ದನೀನ ಒಪ್ಪಿದಂಗೆ ಆಗ್ತಿತ್ತು ಕಣೋ. ಮನೇಲಿ ಯಾವ ಗಿರಣಿ ಇಟ್ಕೊಳ್ಳಲಿ ಲೇ?"

ಹೀಗೆ ಮಾಡಲು ನನ್ನಿಂದ ಸಾಧ್ಯವಿತ್ತೇ? ಇಲ್ಲ. ಟೇಪ್ ರೆಕಾರ್ಡರಿನಲ್ಲಿ ನನ್ನ ದನಿ ಕೇಳಿದ ಮೇಲೆ ಅದನ್ನು ಅಳಿಸಿಹಾಕು ಎಂದು ಸ್ನೇಹಿತನ ಕಾಲು ಹಿಡಿದವನು ನಾನು. ತನ್ನ ದನಿಯನ್ನು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ದ್ವೇಷಿಸಿದವನು, ಯಾರೂ ಕೇಳದಿದ್ದರೂ, ಗೆದ್ದ ಮೇಲೂ, ಅದನ್ನೇ ತಂದು ಎದುರಿಗಿಟ್ಟ. ನಾನು ಕಂಡ ಧೈರ್ಯವಂತರಲ್ಲಿ ಇವನಿಗಿಂತ ದೊಡ್ಡವರು ಯಾರೂ ಇಲ್ಲ.

ಮದುವೆಯಾಯಿತು. ವಿಮಲತ್ತಿಗೆ ದಿನಾ ರೈಲಿನಲ್ಲಿ ಓಡಾಡಿ ಕೆಲಸ ಬಿಡದೆ ನಡೆಸಿದಳು. ಅಪ್ಪನ ಹತ್ತಿರ ಅಷ್ಟು ಮಾತಾಡಿದವಳು ಮನೆಯಲ್ಲಿ ಮಿತಭಾಷಿ. ನಮ್ಮ ದೊಡ್ಡ ದನಿಯ ಮನೆಯಲ್ಲಿ ಅವಳು ಮೆಲ್ಲಗೆ ಮಾತಾಡಿಯೇ ಎಲ್ಲರನ್ನೂ ಸುಮ್ಮನಾಗಿಸಿದಳು. ಒಮ್ಮೆ ನಾನು ಫೋನಿನ ವಿಷಯ ಕೇಳಿದಾಗ ಹೇಳಿದಳು: "ಫೋನಲ್ಲಿ ನಮ್ಮ ದನಿ ನಮಗೇ ಒಂಚೂರು ವಾಪಸ್ ಕೇಳುತ್ತೆ. ಕೇಳದಿದ್ರೆ ಜನ ಕಿರುಚ್ತಾರೆ. ಜಾಸ್ತಿ ಕೇಳಿದ್ರೆ ಪಿಸುಗುಡ್ತಾರೆ. ಮಾತು ನಿಂತಿರೋದೇ ಆ ಒಂಚೂರಿನ ಮೇಲೆ." ಪಕ್ಕದಲ್ಲಿ ಕೂತಿದ್ದ ಸಿದ್ದಣ್ಣ, "ನಂಗೆ ಆ ಒಂ... ಒಂಚೂರೇ ಜಾಸ್ತಿ" ಎಂದ. ಇಬ್ಬರೂ ನಕ್ಕರು. ಅವನ ಉಗ್ಗು ಹೋಗಲಿಲ್ಲ. ಹೋಯಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಹೋಗಲಿಲ್ಲ. ತರೀಕೆರೆಗೆ ಬರುವಾಗ ಮಾತ್ರ ತರೀಕೆರೆಗೇ ಟಿಕೆಟ್ ತೆಗೆದುಕೊಳ್ಳತೊಡಗಿದ. ಕಂಡಕ್ಟರು ಒಬ್ಬೊಬ್ಬರು ಕಾಯುತ್ತಿದ್ದರು, ಒಬ್ಬೊಬ್ಬರು ರೇಗುತ್ತಿದ್ದರು. ಅವನು ಹೇಳಿ ಮುಗಿಸಿಯೇ ಕೂರುತ್ತಿದ್ದ.

ಫೋನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದರಲ್ಲಿ ಗಿರಣಿಯ ಮರೆಯಿಲ್ಲ, ಎದುರಿಗೆ ಮುಖವಿಲ್ಲ. ಕಿವಿಗೆ ಅಂಟಿಕೊಂಡಂತೆ ತನ್ನದೇ ದನಿ. ಆಪರೇಟರನ್ನು ಕಟ್ಟಿಕೊಂಡೂ ಅವನು ಐದಾರು ವರ್ಷ ರಿಸೀವರು ಎತ್ತಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಮದುವೆಯಾಗಿ ಇಷ್ಟು ದಿನವಾದ ಮೇಲೆ ವಿಮಲತ್ತಿಗೆ ಬಸುರಿ. ದಿನ ತುಂಬಿ ಅಜ್ಜಂಪುರದ ಆಸ್ಪತ್ರೆಗೆ ಸೇರಿಸಿದ್ದರು. ಕಷ್ಟದ ಹೆರಿಗೆ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ನಮಗೆಲ್ಲ ಜೀವ ಕೈಯಲ್ಲಿತ್ತು. ನಾನು ಬೆಳಿಗ್ಗೆ ಶಾಲೆಗೆ ಬಂದರೆ ಹೆಡ್‌ಮೇಷ್ಟ್ರು ಕರೆದರು.

"ಏನ್ರೀ ಬಸವರಾಜು, ಅಜ್ಜಂಪುರದಿಂದ ಎರಡು ಸಲ ಟ್ರಂಕ್ ಬಂತು ಕಣ್ರೀ. ಎತ್ತಿದ್ರೆ ಬರೀ ಉಸಿರು. ಯಾರೋ ಮಾತೇ ಆಡಲ್ಲ. ಇಟ್ಬಿಟ್ಟೆ."

ಮಾತೇ ಆಡದವನು ಯಾರೆಂದು ನನಗೆ ಗೊತ್ತು. ಪಾಠ ಬಿಟ್ಟು ಅಲ್ಲೇ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಗಂಟೆ ಬಾರಿಸಿತು. "ಅಜ್ಜಂಪುರ ಲೈನಲ್ಲಿದಾರೆ, ಮಾತಾಡಿ" ಎಂದಳು ಆಪರೇಟರು.

"ಹಲೋ" ಎಂದೆ. ಆ ಕಡೆ ಉಸಿರು. ಆಮೇಲೆ "ಸ್... ಸ್..." ಎಂಬ ಸದ್ದು.

ಹೆರಿಗೆ ಆಯ್ತಾ, ಅತ್ತಿಗೆ ಚೆನ್ನಾಗಿದಾರಾ ಎಂದು ನಾನು ಕೇಳಿಬಿಟ್ಟಿದ್ದರೆ ಅವನಿಗೆ ಹೂಂ ಅಂದರೆ ಸಾಕಿತ್ತು. ಇಬ್ಬರ ಸಂಕಟವೂ ಅಲ್ಲಿಗೇ ಮುಗಿಯುತ್ತಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವನು ಫೋನ್ ಮಾಡಲು ಹೋಗಿದ್ದ ಅಂಚೆ ಕಚೇರಿಯಲ್ಲಿ ಅವನ ಪರವಾಗಿ ಸುದ್ದಿ ಹೇಳಲು ಹತ್ತು ಜನ ಸಿಗುತ್ತಿದ್ದರು. ಯಾರಿಗೂ ಹೇಳದೆ, ಎರಡು ಸಲ ಸೋತು, ಮೂರನೆಯ ಸಲ ರಿಸೀವರು ಹಿಡಿದು ನಿಂತವನ ಮಾತನ್ನು ಕಿತ್ತುಕೊಳ್ಳಲು ನಾನ್ಯಾರು? ತುಟಿ ಕಚ್ಚಿಕೊಂಡೆ.

"ನಾನು ಸಿ... ಸಿದ್ದಲಿಂಗಪ್ಪ ಮಾತಾಡ್ತಾ ಇರೋದು" ಎಂದ ಅಣ್ಣ. ತಮ್ಮನಿಗೆ ತನ್ನ ಪೂರ್ತಿ ಹೆಸರು ಹೇಳಿದ. "ವಿ... ವಿಮಲಂಗೆ... ಹೆ... ಹೆ..."

ನಡುವೆ ಆಪರೇಟರು ಬಂದಳು. "ಮೂರು ನಿಮಿಷ ಆಯ್ತು ಸಾರ್. ಕಟ್ ಮಾಡ್ಲಾ?"

"ಲೈನ್ ತೆಗೀಬೇಡ ತಾಯಿ" ಎಂದೆ. "ಅವರು ಮಾತಾಡ್ತಿದಾರೆ."

ಅವಳು ಲೈನನ್ನು ಹಾಗೇ ಬಿಟ್ಟಳು. ಹೆಡ್‌ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕಾದೆ.

"ಹೆಣ್ಣು ಮಗು" ಎಂದ ಸಿದ್ದಣ್ಣ. "ಇಬ್ರೂ ಚೆ... ಚೆನ್ನಾಗಿದಾರೆ."

ಅಷ್ಟಕ್ಕೇ ಇಡುತ್ತಾನೆ ಎಂದುಕೊಂಡೆ. ಇಡಲಿಲ್ಲ. ಮತ್ತೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಇನ್ನೇನು ಹೇಳುವುದು ಬಾಕಿಯಿದೆಯೋ ನನಗೆ ತಿಳಿಯಲಿಲ್ಲ.

"ಬ..." ಎಂದ. ನಿಂತ. "ಬ... ಬ..."

ನನಗೆ ಮೂವತ್ತೋ ಮೂವತ್ತೊಂದೋ ವರ್ಷ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ ನನ್ನ ಅಣ್ಣ ನನ್ನನ್ನು ಹೆಸರು ಹಿಡಿದು ಕರೆದ.

"ಬಸವರಾಜ" ಎಂದ. "ಕೇಳಿಸ್ತೇನೋ?"

"ಕೇಳಿಸ್ತು ಕಣಣ್ಣ" ಎಂದೆ.